ಒಂದು ದೀಪಕ್ಕೆ ಎರಡು ಸ್ವಿಚ್ಚು

ಮನೆ ಕಟ್ಟಿಸುವವರು ನೆಲದ ಟೈಲ್ಸ್ ಆರಿಸಲು ವಾರಗಟ್ಟಲೆ ಅಂಗಡಿ ಅಲೆಯುತ್ತಾರೆ. ಮುಂಬಾಗಿಲಿಗೆ ತೇಗವೋ ಹೊನ್ನೆಯೋ ಎಂದು ನೆಂಟರಿಷ್ಟರನ್ನೆಲ್ಲ ವಿಚಾರಿಸುತ್ತಾರೆ. ಆದರೆ ಎಲೆಕ್ಟ್ರಿಷಿಯನ್ ಸೀಮೆಸುಣ್ಣ ಹಿಡಿದು ಗಾರೆ ಕಾಣದ ಗೋಡೆಯ ಮುಂದೆ ನಿಂತು, "ಸಾರ್, ಮೆಟ್ಟಿಲು ಲೈಟಿಗೆ ಸ್ವಿಚ್ಚು ಎಲ್ಲಿ ಕೊಡ್ಲಿ?" ಎಂದು ಕೇಳಿದಾಗ ಹೆಚ್ಚಿನ ಕಡೆ ಸಿಗುವ ಉತ್ತರ ಒಂದೇ: "ಎಲ್ಲಾದ್ರೂ ಕೊಡಪ್ಪ, ನಿನಗೇ ಗೊತ್ತಲ್ಲ." ಅಷ್ಟು ಹೇಳಿ ಯಜಮಾನರು ಗ್ರಾನೈಟ್ ನೋಡಲು ಹೊರಡುತ್ತಾರೆ. ಆ ಅರೆನಿಮಿಷದ ಮಾತನ್ನು ಮನೆಮಂದಿ ಆ ಮನೆ ಇರುವವರೆಗೂ ಅನುಭವಿಸುತ್ತಾರೆ.

ಮೆಟ್ಟಿಲಿನ ದೀಪಕ್ಕೆ ಕೆಳಗೊಂದೇ ಸ್ವಿಚ್ಚಿದ್ದರೆ, ರಾತ್ರಿ ಮಲಗಲು ಮೇಲೆ ಹೋಗುವವರಿಗೆ ಎರಡೇ ದಾರಿ. ದೀಪ ಆರಿಸಿ ಕತ್ತಲಲ್ಲಿ ಹತ್ತಬೇಕು, ಇಲ್ಲವೇ ಬೆಳಗಿನತನಕ ಉರಿಯಲು ಬಿಡಬೇಕು. ಅರವತ್ತು ದಾಟಿದವರು ನಡುರಾತ್ರಿ ನೀರು ಕುಡಿಯಲು ಕೆಳಗಿಳಿಯುವಾಗ ಕಾಲು ತಪ್ಪುವುದು ಸಾಮಾನ್ಯವಾಗಿ ಮೊದಲನೇ ಮೆಟ್ಟಿಲಿನಲ್ಲಿ ಅಥವಾ ಕೊನೆಯ ಮೆಟ್ಟಿಲಿನಲ್ಲಿ. ಇನ್ನೂ ಒಂದು ಮೆಟ್ಟಿಲಿದೆ ಎಂದುಕೊಂಡೋ, ಮುಗಿಯಿತು ಎಂದುಕೊಂಡೋ ಹೆಜ್ಜೆ ಇಟ್ಟುಬಿಡುತ್ತಾರೆ. ಸೊಂಟದ ಮೂಳೆ ಮುರಿದರೆ ಆ ವಯಸ್ಸಿನಲ್ಲಿ ಮತ್ತೆ ಮೊದಲಿನಂತೆ ಓಡಾಡುವುದು ಎಷ್ಟೋ ಜನಕ್ಕೆ ಆಗುವುದೇ ಇಲ್ಲ. ಇದನ್ನು ತಪ್ಪಿಸಲು ಬೇಕಾದದ್ದು ಇನ್ನೊಂದು ಸ್ವಿಚ್ಚು ಮತ್ತು ಕೆಲವು ಮೀಟರ್ ವೈರು. ಇಡೀ ಮನೆಯ ವೆಚ್ಚದಲ್ಲಿ ಲೆಕ್ಕಕ್ಕೇ ಬಾರದಷ್ಟು ಸಣ್ಣ ಖರ್ಚು ಅದು.

ಕೆಲಸಗಾರರು ಇದನ್ನು ಟು-ವೇ ಎನ್ನುತ್ತಾರೆ, ಐಟಿಐ ಪಠ್ಯ ಸ್ಟೇರ್‌ಕೇಸ್ ವೈರಿಂಗ್ ಎನ್ನುತ್ತದೆ. ಎಲೆಕ್ಟ್ರಿಷಿಯನ್ ಟ್ರೇಡ್ ಕಲಿಯುವ ಹುಡುಗರು ಮರದ ಹಲಗೆಯ ಮೇಲೆ ಕ್ಲಿಪ್ ಹೊಡೆದು ಇದನ್ನು ಕಟ್ಟಿ ತೋರಿಸಬೇಕು. ವಿಟಿಯು ಮೊದಲ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪರೀಕ್ಷೆಗೆ ಇದರ ಚಿತ್ರ ಬರೆದು ಕಲಿತಿರುತ್ತಾರೆ. ಇಷ್ಟೊಂದು ಜನ ಓದಿರುವ ವಿಷಯ ನಮ್ಮ ಮನೆಗಳಿಗೆ ಮಾತ್ರ ಅರ್ಧಂಬರ್ಧ ಇಳಿದಿದೆ.

ಸಾಮಾನ್ಯ ಸ್ವಿಚ್ಚಿನ ಹಿಂದೆ ಎರಡು ತಿರುಪು ಇರುತ್ತವೆ. ಒಂದಕ್ಕೆ ಫೇಸ್ ಬರುತ್ತದೆ, ಇನ್ನೊಂದರಿಂದ ದೀಪಕ್ಕೆ ಹೋಗುತ್ತದೆ. ಒತ್ತಿದರೆ ಎರಡೂ ಸೇರುತ್ತವೆ, ಎತ್ತಿದರೆ ಬೇರೆಯಾಗುತ್ತವೆ. ಟು-ವೇ ಸ್ವಿಚ್ಚಿಗೆ ಮೂರು ತಿರುಪು. ಒಂದು ಕಾಮನ್, ಉಳಿದೆರಡು ಅದರ ಕವಲುಗಳು. ಈ ಸ್ವಿಚ್ಚು ಎಂದೂ 'ಆಫ್' ಆಗುವುದಿಲ್ಲ. ಹಳಿ ಬದಲಿಸುವ ರೈಲ್ವೆ ಪಾಯಿಂಟಿನಂತೆ ಕಾಮನ್‌ಗೆ ಬಂದದ್ದನ್ನು ಒಮ್ಮೆ ಈ ಕವಲಿಗೆ, ಒಮ್ಮೆ ಆ ಕವಲಿಗೆ ತಿರುಗಿಸುವುದಷ್ಟೇ ಅದರ ಕೆಲಸ. ಕೆಳಗಿನ ಸ್ವಿಚ್ಚಿನ ಕಾಮನ್‌ಗೆ ಫೇಸ್ ಕೊಡುತ್ತಾರೆ. ಅದರ ಎರಡು ಕವಲುಗಳಿಂದ ಎರಡು ವೈರು ಮೇಲಿನ ಸ್ವಿಚ್ಚಿನ ಎರಡು ಕವಲುಗಳಿಗೆ ಹೋಗುತ್ತವೆ. ಮೇಲಿನ ಸ್ವಿಚ್ಚಿನ ಕಾಮನ್‌ನಿಂದ ಒಂದು ವೈರು ದೀಪಕ್ಕೆ. ದೀಪದ ಇನ್ನೊಂದು ಕಾಲಿಗೆ ನೇರವಾಗಿ ನ್ಯೂಟ್ರಲ್.

ಎರಡೂ ಸ್ವಿಚ್ಚು ಒಂದೇ ವೈರಿನ ಕಡೆ ಮುಖ ಮಾಡಿದ್ದರೆ ದಾರಿ ಕೂಡುತ್ತದೆ, ದೀಪ ಹತ್ತುತ್ತದೆ. ಬೇರೆ ಬೇರೆ ವೈರಿನ ಕಡೆ ಇದ್ದರೆ ಆರುತ್ತದೆ. ಒಟ್ಟು ನಾಲ್ಕು ಸ್ಥಿತಿಗಳಲ್ಲಿ ಎರಡರಲ್ಲಿ ಬೆಳಕು, ಎರಡರಲ್ಲಿ ಕತ್ತಲೆ. ಯಾವ ಸ್ಥಿತಿಯಲ್ಲಿದ್ದಾಗಲೂ, ಯಾವ ಸ್ವಿಚ್ಚನ್ನು ಮುಟ್ಟಿದರೂ ದೀಪದ ಸ್ಥಿತಿ ಬದಲಾಗಲೇಬೇಕು. ಈ ಏರ್ಪಾಟಿನ ಸೊಗಸೆಲ್ಲ ಇರುವುದು ಇಲ್ಲೇ. ಕೆಳಗಿನವರು ಮೇಲಿನವರಿಗೆ ಹೇಳದೆ ಕೇಳದೆ ದೀಪ ಹಾಕಬಹುದು, ಆರಿಸಬಹುದು.

ಇದರಿಂದ ಒಂದು ಅಭ್ಯಾಸ ಮಾತ್ರ ಬಿಡಬೇಕಾಗುತ್ತದೆ. ನಮ್ಮಲ್ಲಿ ಸ್ವಿಚ್ಚನ್ನು ಕೆಳಗೆ ಒತ್ತಿದರೆ ಆನ್, ಮೇಲಕ್ಕೆ ಎತ್ತಿದರೆ ಆಫ್. ಟು-ವೇಯಲ್ಲಿ ಆ ಲೆಕ್ಕ ನಡೆಯುವುದಿಲ್ಲ, ಏಕೆಂದರೆ ಒಂದು ಸ್ವಿಚ್ಚಿನ ಅರ್ಥ ಇನ್ನೊಂದನ್ನು ನೋಡದೆ ಗೊತ್ತಾಗದು. ಬಲ್ಬು ಸುಟ್ಟುಹೋಗಿದ್ದಾಗ ಇದು ಅಪಾಯದ ಮಾತು. ಸ್ವಿಚ್ಚು ಎತ್ತಿದಂತೆ ಕಾಣುತ್ತದೆ, ದೀಪವೂ ಉರಿಯುತ್ತಿಲ್ಲ, ಆದರೂ ಹೋಲ್ಡರಿನಲ್ಲಿ 230 ವೋಲ್ಟ್ ಕಾದು ಕುಳಿತಿರಬಹುದು. ಮೆಟ್ಟಿಲಿನ ಬಲ್ಬು ಬದಲಿಸುವಾಗ ಮನೆಯ ವಿದ್ಯುತ್ ಹಂಚುವ ಪೆಟ್ಟಿಗೆಯಾದ ಡಿಬಿಯಲ್ಲಿ ಆ ಸಾಲಿನ ಎಂಸಿಬಿ ಎಂಬ ರಕ್ಷಣಾ ಸ್ವಿಚ್ಚನ್ನೇ ಇಳಿಸಬೇಕು. ಏಣಿಯ ಮೇಲೆ, ಅದೂ ಮೆಟ್ಟಿಲ ತಿರುವಿನಲ್ಲಿ ನಿಂತವರಿಗೆ ಸಣ್ಣ ಶಾಕ್ ತಗುಲಿದರೂ ಸಾಕು, ಬೀಳುವ ಪೆಟ್ಟೇ ದೊಡ್ಡದಾಗುತ್ತದೆ.

ಒಂದು ಮನೆಗೆ ಒಂದು ದೀಪ ಎಂಬ ಕಾಲದಿಂದ ನಾವು ಇಲ್ಲಿಗೆ ಬಂದಿದ್ದೇವೆ ಎಂಬುದನ್ನೂ ನೆನೆಯಬೇಕು. 1902ರಲ್ಲಿ ಶಿವನಸಮುದ್ರದ ಜಲವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪ ಹೊತ್ತಿತು. ಮನೆಗಳ ಒಳಗೆ ಅದು ಬಂದದ್ದು ನಿಧಾನವಾಗಿ, ಬಂದಾಗಲೂ ಎಣಿಸಿ ಎಣಿಸಿ. ನಡುಮನೆಗೊಂದು, ಅಡುಗೆಮನೆಗೊಂದು ಬಲ್ಬು. ಬಡವರ ಮನೆಗಳಿಗೆ ಭಾಗ್ಯಜ್ಯೋತಿ ಯೋಜನೆ ತಂದದ್ದೂ ಒಂದೇ ದೀಪವನ್ನು. ದೀಪವೇ ಭಾಗ್ಯವಾಗಿದ್ದಾಗ ಅದಕ್ಕೆ ಎರಡನೇ ಸ್ವಿಚ್ಚು ಯಾರಿಗೆ ಹೊಳೆದೀತು?

ಆ ಕಾಲದ ಮನೆಗಳಲ್ಲಿ ವೈರು ಗೋಡೆಯ ಮೇಲೆ, ತೇಗದ ಬ್ಯಾಟನ್ ಪಟ್ಟಿಯ ಮೇಲೆ ಕ್ಲಿಪ್ ಹೊಡೆಸಿಕೊಂಡು ಕಣ್ಣಿಗೆ ಕಾಣುವಂತೆ ಹೋಗುತ್ತಿತ್ತು. ಮರದ ಪೆಟ್ಟಿಗೆಯ ಬೋರ್ಡು, ಅದರ ಮೇಲೆ ಟಪ್ಪೆಂದು ಸದ್ದು ಮಾಡುವ ಕಪ್ಪು ಬೇಕಲೈಟ್ ಸ್ವಿಚ್ಚುಗಳು. ಆ ಸದ್ದಿಗೂ ಕಾರಣವಿದೆ. ಸ್ವಿಚ್ಚಿನ ಒಳಗಿನ ಲೋಹದ ತುದಿಗಳು ನಿಧಾನವಾಗಿ ಬೇರೆಯಾದರೆ ನಡುವೆ ಕಿಡಿಯ ಬಿಲ್ಲು ಎದ್ದು ತುದಿಗಳನ್ನು ಸುಡುತ್ತದೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಜಾನ್ ಹೆನ್ರಿ ಹೋಮ್ಸ್ 1884ರಲ್ಲಿ ಸ್ಪ್ರಿಂಗ್ ಬಳಸಿ ತಟ್ಟನೆ ಬಿಡಿಸಿಕೊಳ್ಳುವ ಸ್ವಿಚ್ಚು ಮಾಡಿದ. ನಾವು ಬೆರಳನ್ನು ಎಷ್ಟೇ ನಿಧಾನವಾಗಿ ಒತ್ತಿದರೂ ಒಳಗಿನ ಸ್ಪ್ರಿಂಗು ತನ್ನ ವೇಗದಲ್ಲೇ ಹಾರುತ್ತದೆ. ಇಂದಿನ ನಯವಾದ ಮಾಡ್ಯುಲರ್ ಸ್ವಿಚ್ಚಿನಲ್ಲೂ ಇರುವುದು ಅದೇ ತತ್ವ, ಸದ್ದು ಮಾತ್ರ ತಗ್ಗಿದೆ.

ಮಂಚದ ಪಕ್ಕ ತೂಗುಬಿಡುತ್ತಿದ್ದ ಬೆಡ್ ಸ್ವಿಚ್ಚು ಹಳೆಯ ಮನೆಗಳವರಿಗೆ ನೆನಪಿರುತ್ತದೆ. ವೈರಿನ ತುದಿಗೆ ಪುಟ್ಟ ಗುಂಡಿ, ತಲೆದಿಂಬಿನ ಕೆಳಗೆ ಸೇರಿಕೊಂಡಿರುತ್ತಿತ್ತು. ಬಾಗಿಲ ಬಳಿ ಹಾಕಿ ಮಲಗಿದಲ್ಲಿಂದ ಆರಿಸುವ ಆಸೆ ಜನಕ್ಕೆ ಆಗಲೂ ಇತ್ತು. ಆದರೆ ಎಷ್ಟೋ ಮನೆಗಳಲ್ಲಿ ಅದನ್ನು ಬಾಗಿಲ ಸ್ವಿಚ್ಚಿನ ಜೊತೆ ಸಾಲಾಗಿ ಜೋಡಿಸಿಬಿಡುತ್ತಿದ್ದರು. ಅಲ್ಲಿ ಮಲಗಿ ಆರಿಸಿದರೆ ಬಾಗಿಲಿನಿಂದ ಮತ್ತೆ ಹಾಕಲು ಬಾರದು, ಎರಡೂ ಒತ್ತಿದ್ದರೆ ಮಾತ್ರ ದೀಪ. ಜೊತೆಗೆ ಮಡಚಿ ಮಡಚಿ ಸವೆದ ವೈರು ಹಾಸಿಗೆಯ ಮೇಲೆ. ಅದು ಮರೆಯಾದದ್ದು ಒಳ್ಳೆಯದೇ ಆಯಿತು. ಗೋಡೆಯಲ್ಲಿ ಕೂತ ಟು-ವೇ ಅದರ ಜಾಗಕ್ಕೆ ಬಂದಿದೆ.

ಮೆಟ್ಟಿಲಿನ ಈ ಜೋಡಣೆಯೊಳಗೆ ಅಡಗಿರುವ ತರ್ಕ ಮನೆಯಾಚೆಗೂ ಬಹುದೂರ ಹೋಗುತ್ತದೆ. ಜಾರ್ಜ್ ಬೂಲ್ ಎಂಬ ಗಣಿತಜ್ಞ 1854ರಲ್ಲಿ ಹೌದು-ಅಲ್ಲಗಳ ಬೀಜಗಣಿತದ ಪುಸ್ತಕ ಪ್ರಕಟಿಸಿದಾಗ ಅದು ಶುದ್ಧ ಚಿಂತನೆಯ ವಿಷಯವಾಗಿತ್ತು. 1937ರಲ್ಲಿ ಅಮೆರಿಕದ ಎಂಐಟಿಯಲ್ಲಿ 21 ವರ್ಷದ ಕ್ಲಾಡ್ ಶಾನನ್ ತನ್ನ ಸ್ನಾತಕೋತ್ತರ ಪ್ರಬಂಧದಲ್ಲಿ, ಸ್ವಿಚ್ಚು ಮತ್ತು ರಿಲೇಗಳ ಜೋಡಣೆಗಳನ್ನೆಲ್ಲ ಬೂಲನ ಬೀಜಗಣಿತದಲ್ಲಿ ಬರೆಯಬಹುದು, ಬರೆದು ಸರಳಗೊಳಿಸಬಹುದು ಎಂದು ತೋರಿಸಿದ. ಆ ಭಾಷೆಯಲ್ಲಿ ಮೆಟ್ಟಿಲ ದೀಪಕ್ಕೆ ಎಕ್ಸ್‌ಕ್ಲೂಸಿವ್ ಆರ್ ಎಂದು ಹೆಸರು. ಎರಡರಲ್ಲಿ ಒಂದು ಮಾತ್ರ ಬದಲಾಗಿದ್ದರೆ ಫಲ ಬದಲಾಗುತ್ತದೆ, ಎರಡೂ ಬದಲಾದರೆ ಮೊದಲಿನಂತೆಯೇ. ಗಣಕಯಂತ್ರ ಸೊನ್ನೆ-ಒಂದುಗಳ ಎರಡು ಅಂಕಿ ಕೂಡಿಸುವಾಗ ಬಿಡಿ ಸ್ಥಾನದ ಉತ್ತರ ಬರುವುದು ಇದೇ ನಿಯಮದಿಂದ. ದಶಕ ಕಟ್ಟಿಕೊಳ್ಳುವ ಕೆಲಸ ಬೇರೆ. ಮಕ್ಕಳಿಗೆ ಕಂಪ್ಯೂಟರಿನ ಒಳಗನ್ನು ವಿವರಿಸಬೇಕೆನ್ನುವ ಮೇಷ್ಟ್ರುಗಳಿಗೆ ಶಾಲೆಯ ಮೆಟ್ಟಿಲಿಗಿಂತ ಒಳ್ಳೆಯ ಉಪಕರಣ ಬೇಕಿಲ್ಲ.

ಎರಡು ಕಡೆಯಾಯಿತು, ಮೂರು ಕಡೆ ಬೇಕಾದರೆ? ಮೂರಂತಸ್ತಿನ ಮನೆ, ಮೂರು ಬಾಗಿಲಿನ ಹಜಾರ, ಬಾಗಿಲ ಬಳಿಯೂ ಮಂಚದ ಎರಡೂ ಬದಿಯೂ ಸ್ವಿಚ್ಚು ಬೇಕೆನ್ನುವ ಮಲಗುವ ಕೋಣೆ. ಇಲ್ಲಿಗೆ ಇಂಟರ್‌ಮೀಡಿಯೆಟ್ ಸ್ವಿಚ್ಚು ಎಂಬ ನಾಲ್ಕು ತಿರುಪಿನ ಸ್ವಿಚ್ಚು ಬರುತ್ತದೆ. ಎರಡು ಟು-ವೇಗಳ ನಡುವೆ ಹೋಗುವ ಜೋಡಿ ವೈರಿನ ಮಧ್ಯದಲ್ಲಿ ಅದನ್ನು ಕೂರಿಸುತ್ತಾರೆ. ಒಂದು ಸ್ಥಿತಿಯಲ್ಲಿ ಅದು ಎರಡೂ ವೈರನ್ನು ನೇರ ಬಿಡುತ್ತದೆ, ಇನ್ನೊಂದರಲ್ಲಿ ಅದಲುಬದಲು ಮಾಡುತ್ತದೆ. ನಾಲ್ಕನೆಯ, ಐದನೆಯ ಜಾಗ ಬೇಕೆಂದರೆ ಇಂತಹ ಇನ್ನೊಂದು, ಮತ್ತೊಂದು ಸೇರಿಸುತ್ತ ಹೋದರಾಯಿತು. ಎರಡು ತುದಿಗೆ ಮಾತ್ರ ಟು-ವೇ, ನಡುವಿನವೆಲ್ಲ ಇಂಟರ್‌ಮೀಡಿಯೆಟ್. ಮೂರು ಸ್ವಿಚ್ಚಿಗೆ ಎಂಟು ಸ್ಥಿತಿ, ನಾಲ್ಕರಲ್ಲಿ ಬೆಳಕು. ನಾಲ್ಕು ಸ್ವಿಚ್ಚಿಗೆ ಹದಿನಾರು, ಎಂಟರಲ್ಲಿ ಬೆಳಕು.

ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಂತಹ ಎಲೆಕ್ಟ್ರಿಕಲ್ ಪೇಟೆಯಲ್ಲಿ ಈ ಇಂಟರ್‌ಮೀಡಿಯೆಟ್ ಸ್ವಿಚ್ಚು ಸಿಗುತ್ತದೆ. ಸಣ್ಣ ಊರಿನ ಅಂಗಡಿಯಲ್ಲಿ ತರಿಸಿಕೊಡಿ ಎಂದು ಮೊದಲೇ ಹೇಳಬೇಕಾದೀತು. ಅಮೆರಿಕದ ವಿಡಿಯೋ ನೋಡಿ ಹೊರಟವರು ಒಂದು ಎಚ್ಚರ ವಹಿಸಬೇಕು. ಅಲ್ಲಿ ತ್ರೀ-ವೇ ಎಂದು ಮಾರುವುದು ನಮ್ಮ ಟು-ವೇಯನ್ನೇ, ಫೋರ್-ವೇ ಎಂದರೆ ನಮ್ಮ ಇಂಟರ್‌ಮೀಡಿಯೆಟ್. ಅಲ್ಲಿ ಮನೆ ಕೊಂಡ ಕನ್ನಡಿಗರು ಊರಿನ ಮನೆಗೆ ಸಾಮಾನು ಪಟ್ಟಿ ಕಳಿಸುವಾಗ ಈ ಗೊಂದಲವಾದರೆ ಅಂಗಡಿಯವರು ಪಟ್ಟಿ ಹಿಡಿದು ನಿಂತುಬಿಡುತ್ತಾರೆ.

ಇಷ್ಟು ಸರಳವಾದದ್ದರಲ್ಲಿ ತಪ್ಪು ಎಲ್ಲಿ ನುಸುಳುತ್ತದೆ? ಹೆಚ್ಚಿನ ತಪ್ಪುಗಳ ಹಿಂದಿರುವುದು ವೈರು ಉಳಿಸುವ ಆಸೆ.

ಕೆಳಗಿನ ಬೋರ್ಡಿನಲ್ಲಿ ಪ್ಲಗ್ ಪಾಯಿಂಟಿಗಾಗಿ ಫೇಸೂ ನ್ಯೂಟ್ರಲ್ಲೂ ಬಂದಿರುತ್ತವೆ. ಮೇಲಿನ ಬೋರ್ಡಿನಲ್ಲೂ ಹಾಗೆಯೇ. ಎರಡರ ನಡುವೆ ಜೋಡಿ ವೈರು ಎಳೆಯುವ ಬದಲು, ಎರಡೂ ಕಡೆ ಅಲ್ಲಲ್ಲಿಯ ಫೇಸನ್ನು ಒಂದು ಕವಲಿಗೆ, ನ್ಯೂಟ್ರಲ್ಲನ್ನು ಇನ್ನೊಂದು ಕವಲಿಗೆ ಕೊಟ್ಟು, ಎರಡು ಕಾಮನ್‌ಗಳ ನಡುವೆ ದೀಪವನ್ನು ಸಿಕ್ಕಿಸಿದರೂ ಕೆಲಸ ನಡೆಯುತ್ತದೆ. ಒಂದು ಕಡೆ ಫೇಸ್, ಇನ್ನೊಂದು ಕಡೆ ನ್ಯೂಟ್ರಲ್ ಬಂದಾಗ ದೀಪ ಹತ್ತುತ್ತದೆ, ಎರಡೂ ಕಡೆ ಒಂದೇ ಬಂದಾಗ ಆರುತ್ತದೆ. ಅಮೆರಿಕದಲ್ಲಿ ಇದನ್ನು ಕಾರ್ಟರ್ ಪದ್ಧತಿ ಎನ್ನುತ್ತಿದ್ದರು. ಅಲ್ಲಿನ ವಿದ್ಯುತ್ ಸಂಹಿತೆ 1923ರಲ್ಲೇ ಇದನ್ನು ನಿಷೇಧಿಸಿತು. ಕಾರಣ ಸ್ಪಷ್ಟ. ಎರಡೂ ಕಡೆ ಫೇಸ್ ಬಂದು ದೀಪ ಆರಿದ್ದಾಗ ಹೋಲ್ಡರಿನ ಎರಡೂ ಕಾಲುಗಳಲ್ಲಿ ವೋಲ್ಟೇಜ್ ಇರುತ್ತದೆ. ಆರಿದ ದೀಪ ಎಂದು ಕೈ ಹಾಕಿದವರಿಗೆ ಅದು ಗೊತ್ತಾಗುವುದು ಹೇಗೆ? ಅಲ್ಲದೆ ಒಂದೇ ಪುಟ್ಟ ಸ್ವಿಚ್ಚಿನೊಳಗೆ ಫೇಸ್ ಮತ್ತು ನ್ಯೂಟ್ರಲ್ ಕೂದಲೆಳೆಯ ಅಂತರದಲ್ಲಿ ಕೂತಿರುತ್ತವೆ. ಸ್ವಿಚ್ಚು ಹಳತಾಗಿ ಕಿಡಿ ಎದ್ದರೆ ಅಲ್ಲೇ ಶಾರ್ಟ್.

ನಮ್ಮ ಊರುಗಳಲ್ಲಿ ಇದಕ್ಕೆ ಇನ್ನೂ ಒಂದು ಅಪಾಯ ಸೇರಿಕೊಳ್ಳುತ್ತದೆ. ಥ್ರೀ ಫೇಸ್ ಸಂಪರ್ಕವಿರುವ ಮನೆಯಲ್ಲಿ ಕೆಳ ಅಂತಸ್ತು ಒಂದು ಫೇಸಿನಲ್ಲಿ, ಮೇಲಿನದು ಇನ್ನೊಂದರಲ್ಲಿ ಇರುವುದು ಮಾಮೂಲು. ಕಾರ್ಟರ್ ಪದ್ಧತಿಯನ್ನು ಅಲ್ಲಿ ಮಾಡಿದರೆ ದೀಪದ ಎರಡು ಕಾಲಿಗೆ ಎರಡು ಬೇರೆ ಫೇಸ್ ಸಿಕ್ಕಿ, 230ರ ಬದಲು 400 ವೋಲ್ಟ್‌ನಷ್ಟು ಬೀಳುತ್ತದೆ. ಬಲ್ಬು ಉಳಿಯುವುದಿಲ್ಲ. ಆರಿರಬೇಕಾದ ಸ್ಥಿತಿಯಲ್ಲೇ ಸಿಡಿಯುತ್ತದೆ.

ಇದಕ್ಕಿಂತ ಹೆಚ್ಚು ಕಡೆ ನಡೆಯುವ, ಕಣ್ಣಿಗೆ ಬೀಳದ ತಪ್ಪು ಎರವಲು ನ್ಯೂಟ್ರಲ್. ಫೇಸನ್ನು ಕೆಳಗಿನ ಡಿಬಿಯಿಂದ ತಂದು, ದೀಪದ ನ್ಯೂಟ್ರಲ್ಲನ್ನು ಹತ್ತಿರ ಸಿಕ್ಕಿತೆಂದು ಮೇಲಿನ ಡಿಬಿಯಿಂದ ತೆಗೆದುಕೊಳ್ಳುವುದು. ದೀಪವೇನೋ ಚೆನ್ನಾಗಿಯೇ ಉರಿಯುತ್ತದೆ. ಆರ್‌ಸಿಸಿಬಿ ಹಾಕಿದ ದಿನ ಗುಟ್ಟು ಬಯಲಾಗುತ್ತದೆ. ಫೇಸಿನಲ್ಲಿ ಹೋದಷ್ಟೇ ಕರೆಂಟು ನ್ಯೂಟ್ರಲ್‌ನಲ್ಲಿ ಹಿಂದಿರುಗಿತೇ ಎಂದು ಆ ಸಾಧನ ಸದಾ ತೂಗಿ ನೋಡುತ್ತಿರುತ್ತದೆ. 30 ಮಿಲಿಆಂಪಿಯರ್ ಒಳಗಿನ ವ್ಯತ್ಯಾಸಕ್ಕೇ ಅದು ಬಿದ್ದುಬಿಡಬೇಕು, ಮನುಷ್ಯರನ್ನು ಉಳಿಸುವುದೇ ಹಾಗೆ. ಕೆಳಗಿನ ಡಿಬಿಯಿಂದ ಹೊರಟ ಕರೆಂಟು ಮೇಲಿನ ಡಿಬಿಗೆ ಹಿಂದಿರುಗಿದರೆ ಎರಡೂ ಕಡೆಯ ಲೆಕ್ಕ ತಪ್ಪುತ್ತದೆ. "ಮೆಟ್ಟಿಲ ದೀಪ ಹಾಕಿದರೆ ಮನೆ ಕರೆಂಟೇ ಹೋಗುತ್ತೆ" ಎಂಬ ದೂರು ಇಲ್ಲಿಂದ ಬರುತ್ತದೆ. ಆಗ ಆರ್‌ಸಿಸಿಬಿಯನ್ನೇ ಕಿತ್ತುಹಾಕಿ ದುರಸ್ತಿಯಾಯಿತು ಎನ್ನುವವರಿದ್ದಾರೆ. ಇದಕ್ಕಿಂತ ಕೆಟ್ಟ ದುರಸ್ತಿ ಇನ್ನೊಂದಿಲ್ಲ. ಕಾವಲುಗಾರ ಕೂಗಿದ ಎಂದು ಅವನನ್ನೇ ಕೆಲಸದಿಂದ ತೆಗೆಯಬಾರದು, ಕೂಗಿದ್ದೇಕೆ ಎಂದು ಹುಡುಕಬೇಕು.

ಮೂವತ್ತು-ನಲವತ್ತರ ಸೈಟಿನಲ್ಲಿ ಕೆಳಗೆ ಬಾಡಿಗೆಯವರು, ಮೇಲೆ ಮಾಲೀಕರು ಇರುವ ಕಟ್ಟಡಗಳಲ್ಲಿ ಈ ಎರವಲು ಇನ್ನೂ ಸೂಕ್ಷ್ಮ. ಅಲ್ಲಿ ಎರಡು ಮೀಟರು, ಎರಡು ಆರ್.ಆರ್. ನಂಬರು. ಮೆಟ್ಟಿಲಿನ ದೀಪ ಯಾರ ಲೆಕ್ಕಕ್ಕೆ ಎಂಬ ತಕರಾರು ಒಂದು ಕಡೆ ಇರಲಿ, ಒಂದು ಮೀಟರಿನ ಫೇಸು ಇನ್ನೊಂದರ ನ್ಯೂಟ್ರಲ್ಲಿಗೆ ಬೆರೆತರೆ ಪ್ರಾಣಕ್ಕೇ ಸಂಚಕಾರ. ಮೇಲಿನ ಮನೆಯಲ್ಲಿ ರಿಪೇರಿಗೆಂದು ಡಬಲ್ ಪೋಲ್ ಮೇನ್ ಸ್ವಿಚ್ಚು ಇಳಿಸುತ್ತಾರೆ. ಫೇಸೂ ನ್ಯೂಟ್ರಲ್ಲೂ ಕಡಿದಿವೆ, ಎಲ್ಲ ಸತ್ತಿದೆ ಎಂದು ವೈರಿಗೆ ಕೈ ಹಾಕುತ್ತಾರೆ. ಅದೇ ಹೊತ್ತಿಗೆ ಕೆಳಗಿನವರು ಮೆಟ್ಟಿಲಿನ ದೀಪದ ಸ್ವಿಚ್ಚು ಒತ್ತಿದರೆ, ಕೆಳಗಿನ ಫೇಸು ಆ ಬಲ್ಬಿನ ಮೂಲಕ ಹಾದು ಮೇಲಿನ ಮನೆಯ ನ್ಯೂಟ್ರಲ್ ವೈರಿನಲ್ಲಿ ಬಂದು ನಿಲ್ಲುತ್ತದೆ. ಕಪ್ಪು ವೈರು ಮುಟ್ಟಿದರೆ ಏನೂ ಆಗದು ಎಂಬ ನಂಬಿಕೆ ಸುಳ್ಳಾಗುವ ಕ್ಷಣ ಅದು. ಮೆಟ್ಟಿಲಿನ ದೀಪಕ್ಕೆ ಫೇಸೂ ನ್ಯೂಟ್ರಲ್ಲೂ ಒಂದೇ ಮೀಟರಿನಿಂದ, ಒಂದೇ ಡಿಬಿಯಿಂದ, ಒಂದೇ ಎಂಸಿಬಿಯ ಸಾಲಿನಿಂದ ಹೊರಡಬೇಕು. ಈ ವಿಷಯದಲ್ಲಿ ರಾಜಿಗೆ ಎಡೆಯೇ ಇಲ್ಲ.

ಯುಪಿಎಸ್ ಇರುವ ಮನೆಗಳಲ್ಲೂ ಇದೇ ಮಾತು. ಕರೆಂಟು ಹೋದಾಗ ಮೊದಲು ಬೇಕಾಗುವುದು ಮೆಟ್ಟಿಲಿನ ಬೆಳಕು, ಆದ್ದರಿಂದ ಅದು ಯುಪಿಎಸ್ ಸಾಲಿನಲ್ಲೇ ಇರಬೇಕು. ಆದರೆ ಆ ಫೇಸು ಬರುವುದು ಒಂದೇ ಕಡೆಯಿಂದ, ಮೊದಲ ಸ್ವಿಚ್ಚಿನ ಕಾಮನ್‌ಗೆ. ಎರಡನೇ ಸ್ವಿಚ್ಚಿಗೆ ಅಲ್ಲಿಯ ಬೋರ್ಡಿನಿಂದ ಫೇಸ್ ಲೂಪ್ ಹೊಡೆಯಲೇಬಾರದು.

ಎಲ್ಇಡಿ ಬಂದ ಮೇಲೆ ಟು-ವೇ ದೀಪಗಳಿಂದ ಹೊಸದೊಂದು ದೂರು ಶುರುವಾಗಿದೆ. ಉಜಾಲಾ ಯೋಜನೆಯಡಿ 2015ರಿಂದ ದೇಶದಲ್ಲಿ 36 ಕೋಟಿಗೂ ಹೆಚ್ಚು ಎಲ್ಇಡಿ ಬಲ್ಬು ಹಂಚಿಕೆಯಾದವು. ನಮ್ಮಲ್ಲಿ ಅದರ ಹೆಸರು ಹೊಸ ಬೆಳಕು. ಹಳೆಯ 60 ವ್ಯಾಟ್ ಬಲ್ಬಿನ ಜಾಗಕ್ಕೆ 9 ವ್ಯಾಟಿನದು ಬಂದು ಕೂತಿತು. ಕೆಲವು ಮನೆಗಳಲ್ಲಿ ಆರಿಸಿದ ಮೇಲೂ ಅದು ಮಸುಕಾಗಿ ಮಿನುಗುತ್ತದೆ. ಬಲ್ಬು ಕೆಟ್ಟಿದೆ ಎಂದು ಬದಲಿಸುತ್ತಾರೆ, ಹೊಸದೂ ಮಿನುಗುತ್ತದೆ.

ಇದರಲ್ಲಿ ದೋಷ ಬಲ್ಬಿನದಲ್ಲ. ಜೋಡಿ ವೈರುಗಳು ಒಂದೇ ಪೈಪಿನಲ್ಲಿ ಅಂಟಿಕೊಂಡು ಮೀಟರುಗಟ್ಟಲೆ ಸಾಗುತ್ತವೆ. ದೀಪ ಆರಿದ್ದಾಗಲೂ ಒಂದರಲ್ಲಿ ಫೇಸ್ ಇದ್ದೇ ಇರುತ್ತದೆ, ಇನ್ನೊಂದು ದೀಪಕ್ಕೆ ಸೇರಿರುತ್ತದೆ. ಎರಡು ಲೋಹದ ತಂತಿ, ನಡುವೆ ಪಿವಿಸಿ: ಅದೇ ಒಂದು ಸಣ್ಣ ಕೆಪಾಸಿಟರ್. ಅದರ ಮೂಲಕ ಮೈಕ್ರೊಆಂಪಿಯರ್ ಲೆಕ್ಕದ ಕರೆಂಟು ಜಿನುಗುತ್ತದೆ. ತಂತಿ ಕಾದು ಕೆಂಪಾಗಬೇಕಾದ ಹಳೆಯ ಬಲ್ಬಿಗೆ ಅಷ್ಟು ಕರೆಂಟು ತಿಳಿಯುತ್ತಲೂ ಇರಲಿಲ್ಲ. ಎಲ್ಇಡಿಗೆ ಮಿನುಗಲು ಅಷ್ಟೇ ಸಾಕಾಗುತ್ತದೆ. ಅದರ ಎದುರು ಸೂಕ್ತ ಕೆಪಾಸಿಟರಿನ ಪುಟ್ಟ ಸಾಧನವೊಂದನ್ನು ಎಲೆಕ್ಟ್ರಿಷಿಯನ್ ದೀಪಕ್ಕೆ ಅಡ್ಡಲಾಗಿ ಕೂರಿಸಿದರೆ ಮಿನುಗು ನಿಲ್ಲುತ್ತದೆ. ಇದೇ ಜಿನುಗು ನಿಯಾನ್ ಟೆಸ್ಟರನ್ನೂ ಬೆಳಗಿಸುತ್ತದೆ, ಅದರಿಂದ ಎಷ್ಟೋ ಕೆಲಸಗಾರರು ದಾರಿ ತಪ್ಪುತ್ತಾರೆ. ಕಡಿಮೆ ಇಂಪೀಡೆನ್ಸಿನ ಮೀಟರ್ ಇಟ್ಟು ಅಳೆದರೆ ನಿಜ ತಿಳಿಯುತ್ತದೆ. ಆದರೂ ಒಂದು ಎಚ್ಚರ ಬೇಕು. ಫೇಸು ನೇರ ದೀಪಕ್ಕೆ ಹೋಗಿ, ಸ್ವಿಚ್ಚುಗಳು ನ್ಯೂಟ್ರಲ್‌ನಲ್ಲಿ ಕೂತಿದ್ದರೂ ಹೀಗೆಯೇ ಮಿನುಗುವುದುಂಟು. ಅದು ನಿಜವಾದ ತಪ್ಪು, ಅದನ್ನು ತಿದ್ದಲೇಬೇಕು.

ಟು-ವೇ ಸ್ವಿಚ್ಚಿನಿಂದಲೇ ಕಟ್ಟುವ ಇನ್ನೊಂದು ಜೋಡಣೆಯಿದೆ, ಐಟಿಐ ಹುಡುಗರಿಗೆ ಬಲು ಪ್ರಿಯವಾದದ್ದು: ಗೋಡೌನ್ ವೈರಿಂಗ್. ಉದ್ದನೆಯ ಗೋದಾಮು, ಬಾಗಿಲು ಒಂದೇ ಕಡೆ. ಒಳಗೆ ಕಾಲಿಟ್ಟು ಮೊದಲ ಸ್ವಿಚ್ಚು ಒತ್ತಿದರೆ ಮೊದಲ ದೀಪ. ಮುಂದೆ ನಡೆದು ಎರಡನೆಯದನ್ನು ಒತ್ತಿದರೆ ಎರಡನೇ ದೀಪ ಹತ್ತಿ, ಹಿಂದಿನದು ತಾನಾಗಿ ಆರುತ್ತದೆ. ಹೀಗೆ ಕೊನೆಯವರೆಗೆ ಬೆಳಕು ಮನುಷ್ಯನ ಜೊತೆಗೇ ನಡೆಯುತ್ತದೆ. ಹಿಂದಿರುಗುವಾಗ ಅದೇ ಸ್ವಿಚ್ಚುಗಳನ್ನು ಒಂದೊಂದಾಗಿ ತಿರುಗಿಸುತ್ತ ಬಂದರೆ ಮುಂದಿನದು ಆರಿ ಹಿಂದಿನದು ಹತ್ತುತ್ತದೆ, ಬಾಗಿಲಿಗೆ ಬಂದು ಮೊದಲನೆಯದನ್ನು ಎತ್ತಿದರೆ ಎಲ್ಲವೂ ಕತ್ತಲೆ. ಮೊದಲನೆಯದು ಮಾತ್ರ ಸಾಮಾನ್ಯ ಸ್ವಿಚ್ಚು, ಉಳಿದವೆಲ್ಲ ಟು-ವೇ. ಪ್ರತಿಯೊಂದೂ ಬಂದ ಫೇಸನ್ನು ಒಂದೋ ತನ್ನ ಹಿಂದಿನ ದೀಪಕ್ಕೆ ಕೊಡುತ್ತದೆ, ಇಲ್ಲವೇ ಮುಂದಿನ ಸ್ವಿಚ್ಚಿಗೆ ದಾಟಿಸುತ್ತದೆ. ಯಾವಾಗಲೂ ಉರಿಯುವುದು ಒಂದೇ ದೀಪ. ಸೆನ್ಸರು, ಚಿಪ್ಪು ಒಂದೂ ಇಲ್ಲದೆ ಇಷ್ಟು ಚೆಂದದ ಕೆಲಸ ನಡೆಯುವುದನ್ನು ನೋಡಿದಾಗ, ಇದನ್ನು ಮೊದಲು ಕಂಡುಹಿಡಿದವರ ಬುದ್ಧಿಗೆ ಕೈ ಮುಗಿಯಬೇಕೆನಿಸುತ್ತದೆ. ಇಬ್ಬರು ಒಟ್ಟಿಗೆ ಒಳಗಿದ್ದರೆ ಮಾತ್ರ ಒಬ್ಬರಿಗೆ ಕತ್ತಲೆ, ಹಾಗಾಗಿ ಮನೆಗೆ ಇದು ಒಗ್ಗುವುದಿಲ್ಲ.

ಮನೆಯಲ್ಲಿ ಎಲ್ಲೆಲ್ಲಿ ಎರಡು ಸ್ವಿಚ್ಚು ಬೇಕು ಎಂದು ತಿಳಿಯಲು ನಕ್ಷೆಯ ಮುಂದೆ ಕೂರುವುದಕ್ಕಿಂತ ಒಳ್ಳೆಯ ದಾರಿಯಿದೆ. ಗೋಡೆ ಎದ್ದ ಮೇಲೆ, ಗಾರೆಗೆ ಮುನ್ನ, ಮನೆಯವರೆಲ್ಲ ಒಂದು ಸಂಜೆ ಅಲ್ಲಿಗೆ ಹೋಗಿ ಒಂದು ರಾತ್ರಿಯ ಓಡಾಟವನ್ನು ನಡೆದು ನೋಡಬೇಕು. ಗೇಟಿನಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ, ಅಲ್ಲಿಂದ ಮೆಟ್ಟಿಲಿಗೆ, ಮಂಚದಿಂದ ಬಚ್ಚಲಿಗೆ. ಪ್ರತಿ ತಿರುವಿನಲ್ಲಿ ಕೇಳಿಕೊಳ್ಳಬೇಕಾದ್ದು ಎರಡೇ ಪ್ರಶ್ನೆ: ಮುಂದಿನ ದೀಪ ಹಾಕಲು ಕತ್ತಲಲ್ಲಿ ಕಾಲಿಡಬೇಕೇ? ಹಿಂದಿನದನ್ನು ಆರಿಸಲು ವಾಪಸ್ ಹೋಗಬೇಕೇ? ಈ ನಡಿಗೆಯಲ್ಲಿ ಅಜ್ಜಿಯೂ ಮನೆಯ ಹೆಂಗಸರೂ ಇರಲೇಬೇಕು. ಕೊನೆಯ ದೀಪ ಆರಿಸಿ ಮಲಗುವವರು, ಮೊದಲ ದೀಪ ಹಾಕಿ ಏಳುವವರು ಬಹಳ ಮನೆಗಳಲ್ಲಿ ಅವರೇ. ಎಲೆಕ್ಟ್ರಿಷಿಯನ್ ಜೊತೆ ಮಾತಾಡುವವರು ಮಾತ್ರ ಗಂಡಸರು. ಸ್ವಿಚ್ಚುಗಳು ತಪ್ಪು ಜಾಗದಲ್ಲಿ ಕೂರಲು ಇದೂ ಒಂದು ದೊಡ್ಡ ಕಾರಣ.

ಮಲೆನಾಡು, ಕರಾವಳಿಯ ಮನೆಗಳಲ್ಲಿ ಈ ಪ್ರಶ್ನೆ ಅಂಗಳ ದಾಟಿ ಹೋಗುತ್ತದೆ. ಕೊಟ್ಟಿಗೆ ದೀಪದ ಸ್ವಿಚ್ಚು ಕೊಟ್ಟಿಗೆಯಲ್ಲೇ ಇದ್ದರೆ, ರಾತ್ರಿ ದನ ಕೂಗಿತೆಂದು ಎದ್ದವರು ಹಾವು ಹರಿದಾಡುವ ಅಂಗಳವನ್ನು ಕತ್ತಲಲ್ಲೇ ದಾಟಬೇಕು. ಮನೆಯ ಹಿಂಬಾಗಿಲಿನಲ್ಲೊಂದು, ಕೊಟ್ಟಿಗೆಯ ಬಾಗಿಲಿನಲ್ಲೊಂದು ಸ್ವಿಚ್ಚಿದ್ದರೆ ಹೊರಡುವ ಮೊದಲೇ ಅಲ್ಲಿ ಬೆಳಕು. ಬಾವಿಕಟ್ಟೆಗೂ ಹಿತ್ತಿಲ ಬಚ್ಚಲಿಗೂ ಇದೇ ಏರ್ಪಾಟು ಬೇಕು. ಇಲ್ಲಿ ವೈರು ಮಣ್ಣಿನಡಿ ಗಟ್ಟಿ ಪೈಪಿನಲ್ಲಿ ಹೋಗಬೇಕು, ಮಳೆಗೆ ನೆನೆಯದ ಪೆಟ್ಟಿಗೆಯಲ್ಲಿ ಸ್ವಿಚ್ಚು ಕೂರಬೇಕು, ಅರ್ತಿಂಗ್ ಮತ್ತು ಆರ್‌ಸಿಸಿಬಿ ಕಡ್ಡಾಯವಾಗಿ ಇರಬೇಕು. ತೆಂಗಿನ ಮರಕ್ಕೆ ಕಟ್ಟಿ ಎಳೆದ ವೈರು ಮೊದಲ ಗಾಳಿಮಳೆಗೇ ಕೊಟ್ಟಿಗೆಯ ಮೇಲೆ ಬೀಳುತ್ತದೆ.

ಕಟ್ಟಿ ಮುಗಿದ ಮನೆಯವರು ಏನು ಮಾಡಬೇಕು? ಗೋಡೆ ಕೊರೆಯಬಹುದಾದರೆ ಹಳೆಯ ಸ್ವಿಚ್ಚಿನ ಜಾಗದಿಂದ ಹೊಸ ಜಾಗಕ್ಕೆ ಮೂರು ವೈರು ಎಳೆದರೆ ಸಾಕು. ಎರಡೂ ಕಡೆ ಟು-ವೇ ಹಾಕಿ, ಕಾಮನ್‌ಗೆ ಕಾಮನ್, ಕವಲಿಗೆ ಕವಲು ಸೇರಿಸುತ್ತಾರೆ. ಹಳೆಯ ಬೋರ್ಡಿನಲ್ಲಿದ್ದ ಫೇಸು ಒಂದು ಕವಲಿಗೆ, ದೀಪದ ವೈರು ಇನ್ನೊಂದು ಕವಲಿಗೆ. ಇಲ್ಲಿ ಲೆಕ್ಕ ತಿರುಗುಮುರುಗು, ಎರಡು ಸ್ವಿಚ್ಚು ಬೇರೆ ಬೇರೆ ಕಡೆ ಇದ್ದಾಗ ದೀಪ ಹತ್ತುತ್ತದೆ. ದೀಪದ ಬಳಿ ಏನನ್ನೂ ಮುಟ್ಟಬೇಕಿಲ್ಲ, ಸೀಲಿಂಗ್ ಒಡೆಯಬೇಕಿಲ್ಲ. ವೈರಿನ ದಪ್ಪದ ಬಗ್ಗೆ ತಲೆಕೆಡಿಸಿಕೊಳ್ಳುವುದೂ ಬೇಡ. 9 ವ್ಯಾಟಿನ ದೀಪ ಎಳೆಯುವ ಕರೆಂಟು ಅರ್ಧ ಆಂಪಿಯರಿಗೂ ಎಷ್ಟೋ ಕಡಿಮೆ, ದೀಪಗಳಿಗೆ ಹಾಕುವ ಒಂದು ಅಥವಾ ಒಂದೂವರೆ ಚದರ ಮಿಲಿಮೀಟರಿನ ಐಎಸ್ಐ ಗುರುತಿನ ತಾಮ್ರದ ವೈರು ಧಾರಾಳ.

ಗೋಡೆ ಮುಟ್ಟಲು ಮನಸ್ಸಿಲ್ಲದವರಿಗೆ ಈಗ ವೈರೇ ಇಲ್ಲದ ದಾರಿಗಳಿವೆ. ಬೋರ್ಡಿನ ಹಿಂದೆ ಪುಟ್ಟ ರಿಲೇ ಕೂರಿಸಿ, ಫೋನಿನಿಂದಲೋ ಮಂಚದ ಪಕ್ಕದ ಗುಂಡಿಯಿಂದಲೋ ಅದಕ್ಕೆ ಆಜ್ಞೆ ಕಳಿಸುವುದು ಒಂದು ಬಗೆ. ಇಂತಹ ಹೆಚ್ಚಿನ ರಿಲೇಗಳಿಗೆ ತಾವು ಬದುಕಲು ನ್ಯೂಟ್ರಲ್ ಬೇಕು. ನಮ್ಮ ಬೋರ್ಡುಗಳಲ್ಲಿ ಪ್ಲಗ್ ಪಾಯಿಂಟು ಇರುವುದರಿಂದ ಅದು ಸಾಮಾನ್ಯವಾಗಿ ಅಲ್ಲೇ ಸಿಗುತ್ತದೆ, ಇದು ನಮಗಿರುವ ಅನುಕೂಲ. ಇನ್ನೊಂದು ಬಗೆಯಲ್ಲಿ ಗುಂಡಿಗೆ ಬ್ಯಾಟರಿಯೂ ಬೇಡ. ಸೀಮೆನ್ಸ್‌ನಿಂದ ಕವಲೊಡೆದು 2001ರಲ್ಲಿ ಹುಟ್ಟಿದ ಎನ್‌ಓಶನ್ ಎಂಬ ಜರ್ಮನ್ ಕಂಪನಿ, ಬೆರಳು ಒತ್ತುವ ಬಲದಿಂದಲೇ ಒಂದು ರೇಡಿಯೊ ಸಂದೇಶಕ್ಕೆ ಬೇಕಾದಷ್ಟು ವಿದ್ಯುತ್ ಹುಟ್ಟಿಸಿಕೊಳ್ಳುವ ಸ್ವಿಚ್ಚುಗಳಿಗೆ ಹೆಸರಾಗಿದೆ. ಅಂತಹ ಗುಂಡಿಯನ್ನು ಹಳೆಯ ಮನೆಯ ಮಣ್ಣಿನ ಗೋಡೆಗೂ ಅಂಟಿಸಬಹುದು. ಬಾಡಿಗೆ ಮನೆಯಲ್ಲಿರುವವರಿಗೆ, ಪಾರಂಪರಿಕ ಮನೆ ಕೆಡಿಸಲು ಇಷ್ಟವಿಲ್ಲದವರಿಗೆ ಇದು ವರ. ಹೊಸದಾಗಿ ಕಟ್ಟುವವರು ಮಾತ್ರ ತಾಮ್ರದ ವೈರನ್ನೇ ನಂಬುವುದು ಲೇಸು. ರೂಟರ್ ಕೆಟ್ಟಾಗ, ಕಂಪನಿ ಆ ಮಾದರಿಯನ್ನು ನಿಲ್ಲಿಸಿದಾಗ, ಮನೆಗೆ ಬಂದ ನೆಂಟರಿಗೆ ದೀಪ ಬೇಕಾದಾಗ, ಯಾವುದನ್ನೂ ಕೇಳದೆ ಕೆಲಸ ಮಾಡುವುದು ಅದೊಂದೇ.

ಈ ಕೆಲಸವನ್ನು ಪರವಾನಗಿ ಇರುವವರಿಂದಲೇ ಮಾಡಿಸಬೇಕು. ಮುಗಿದ ಮೇಲೆ ಹಣ ಎಣಿಸುವ ಮುನ್ನ ಮನೆಯವರು ತಾವೇ ಪರೀಕ್ಷಿಸಬಹುದಾದ್ದು ಬಹಳಷ್ಟಿದೆ. ಒಬ್ಬರು ಕೆಳಗೆ, ಒಬ್ಬರು ಮೇಲೆ ನಿಂತು ನಾಲ್ಕೂ ಸ್ಥಿತಿಗಳನ್ನು ಒತ್ತಿ ನೋಡಬೇಕು. ಯಾವುದೇ ಒತ್ತಿಗೆ ದೀಪ ಬದಲಾಗದಿದ್ದರೆ ಕಾಮನ್ ಮತ್ತು ಕವಲು ಅದಲುಬದಲಾಗಿರುವ ಸಾಧ್ಯತೆ ಹೆಚ್ಚು. ಮೂರು ಸ್ವಿಚ್ಚಿದ್ದರೆ ಎಂಟನ್ನೂ ನೋಡಬೇಕು. ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿದಾಗ ಅದು ಬೀಳಬೇಕು, ಮತ್ತೆ ಏರಿಸಿ ಮೆಟ್ಟಿಲಿನ ದೀಪ ಹಾಕಿದಾಗ ಬೀಳಬಾರದು. ಎರಡು ಮೀಟರಿನ ಮನೆಯಾದರೆ ಒಂದೊಂದಾಗಿ ಮೇನ್ ಇಳಿಸಿ, ದೀಪ ಯಾವುದರ ಜೊತೆ ಆರುತ್ತದೆ ಎಂದು ಗುರುತಿಸಬೇಕು. ಎರಡರಲ್ಲಿ ಯಾವುದನ್ನು ಇಳಿಸಿದರೂ ಆರುವುದಾದರೆ ಎಲ್ಲೋ ನ್ಯೂಟ್ರಲ್ ಎರವಲಾಗಿದೆ. ಗೋಡೆಗೆ ಗಾರೆ ಬೀಳುವ ಮುನ್ನ ಪೈಪುಗಳ ದಾರಿಯ ಫೋಟೊ ತೆಗೆದು, ಯಾವ ಎಂಸಿಬಿ ಯಾವ ದೀಪಕ್ಕೆ ಎಂಬ ಪಟ್ಟಿಯನ್ನು ಕನ್ನಡದಲ್ಲೇ ಬರೆದು ಡಿಬಿ ಬಾಗಿಲಿನ ಒಳಬದಿಗೆ ಅಂಟಿಸಿದರೆ, ಮುಂದೆ ಆ ಬೋರ್ಡು ಬಿಚ್ಚುವ ಯಾವ ಎಲೆಕ್ಟ್ರಿಷಿಯನ್ನಿಗೂ ಗೋಡೆಯೊಳಗಿನ ವೈರನ್ನು ಊಹಿಸುವ ಕಷ್ಟ ಬರುವುದಿಲ್ಲ.